ಕೂಪನ್ ಕಳಿಸದೆ ಬಿಟ್ಟ ಹತ್ತು ಪರ್ಸೆಂಟ್: ಮಾರ್ಕೆಟಿಂಗ್ ಇಂಟರ್ನ್‌ಶಿಪ್‌ನಲ್ಲಿ ನನ್ನ ಅನುಭವ

ಇಂಟರ್ನ್‌ಶಿಪ್‌ನಲ್ಲಿ ನನ್ನ ಪಾಲಿಗೆ ಬಂದದ್ದು ಆರು ತಿಂಗಳಿಂದ ಏನೂ ಕೊಳ್ಳದ ಗ್ರಾಹಕರಿಗೆ ಹೋಗುವ ಕೂಪನ್ ಮೇಲ್‌ನ ಲೆಕ್ಕ. ಸಂಸ್ಥೆ ದೊಡ್ಡದು, ಲಿಸ್ಟ್ ಹತ್ತಿರ ಹತ್ತಿರ ಎರಡು ಲಕ್ಷ. ಮೇಲ್ ಹೋದ ಎರಡು ವಾರದೊಳಗೆ ಯಾರು ಏನು ಕೊಂಡರೂ ಅದನ್ನು ಮೇಲ್‌ನ ಗಳಿಕೆ ಎಂದೇ ಬರೆದುಕೊಳ್ಳುತ್ತಿದ್ದರು. ಹತ್ತರಲ್ಲಿ ಒಬ್ಬರಿಗೆ ಮೇಲೇ ಕಳಿಸದೆ ಹೋಲಿಸಿ ನೋಡೋಣ ಎಂದರೆ, ಬರುವ ವ್ಯಾಪಾರವನ್ನು ಕೈಯಾರೆ ಬಿಡುವುದೇ ಎಂಬ ಆಕ್ಷೇಪ. ಕೊನೆಗೆ ಆ ಹೋಲಿಕೆಯ ಲೆಕ್ಕ ಗಟ್ಟಿಯಾಗಿ ನಿಂತಿತು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಒಪ್ಪಿದ್ದು ಸಾವಿರ ಜನರನ್ನು ಮೇಲ್ ಕಳಿಸದೆ ಬಿಡಲು ಮಾತ್ರ. ಅದರಿಂದ ಏನೂ ತಿಳಿಯಲಿಲ್ಲ. ಸಾವಿರದಲ್ಲಿ ಕೊಳ್ಳುವವರು ಇಪ್ಪತ್ತರ ಆಸುಪಾಸು. ಬರೀ ಆಕಸ್ಮಿಕವಾಗಿಯೇ ನಾಲ್ಕೈದು ಮಂದಿ ಹೆಚ್ಚುಕಡಿಮೆ ಆಗುತ್ತಾರೆ. ನಾವು ಹುಡುಕುತ್ತಿದ್ದ ವ್ಯತ್ಯಾಸವೂ ಅಷ್ಟೇ. 2 ಪರ್ಸೆಂಟ್‌ಗೂ 2.5 ಪರ್ಸೆಂಟ್‌ಗೂ ಇರುವ ಅಂತರ ನಂಬುವಂತೆ ಕಾಣಬೇಕಾದರೆ ಒಂದೊಂದು ಗುಂಪಿನಲ್ಲೂ ಸುಮಾರು ಹದಿನಾಲ್ಕು ಸಾವಿರ ಜನ ಬೇಕು. ಈ ಲೆಕ್ಕ ತೋರಿಸಿದ ಮೇಲೆಯೇ ಇಪ್ಪತ್ತು ಸಾವಿರಕ್ಕೆ ಒಪ್ಪಿಗೆ ಸಿಕ್ಕಿತು.

ಮುಂದಿನ ಸುತ್ತು ಕೆಟ್ಟದ್ದು ಕೂಪನ್‌ನಿಂದ. ಎಲ್ಲರಿಗೂ ಒಂದೇ ಕೋಡ್ ಇತ್ತು. ಅದು ಕೂಪನ್ ಸೈಟ್‌ಗಳಿಗೆ ಸೋರಿ, ಮೇಲ್ ಹೋಗದವರೂ ಅದೇ ಕೋಡ್ ಹಾಕಿ ಕೊಂಡರು. ಎರಡು ಗುಂಪಿನ ಅಂತರ ಮಾಯ. ಒಬ್ಬೊಬ್ಬರಿಗೂ ಒಂದೇ ಸಲ ಬಳಸಬಹುದಾದ ಬೇರೆ ಬೇರೆ ಕೋಡ್ ಕೊಟ್ಟ ಮೇಲೆ ಸರಿಹೋಯಿತು. ಈ ಕೆಲಸಕ್ಕೆ ಐಟಿ ವಿಭಾಗಕ್ಕೆ ಟಿಕೆಟ್ (ಕೆಲಸದ ಕೋರಿಕೆ) ಹಾಕಬೇಕು, ವಾರಗಟ್ಟಲೆ ಹಿಡಿಯುತ್ತದೆ. ಸೇರಿದ ಕೂಡಲೇ ಹಾಕಿಡಿ.

ಗುಂಪು ಒಡೆಯುವಾಗ ಗ್ರಾಹಕ ಐಡಿಯ ಕೊನೆಯ ಅಂಕಿಯನ್ನು ನೆಚ್ಚಬೇಡಿ. ಐಡಿ ಕೊಟ್ಟ ಕ್ರಮದಲ್ಲೇ ಏನಾದರೂ ಪದ್ಧತಿ ಅಡಗಿರಬಹುದು. ಜೊತೆಗೆ ಪ್ರತಿ ಸಲವೂ ಅದೇ ಜನ ಹೊರಗುಳಿಯುತ್ತಾರೆ. ಐಡಿಗೆ ಕ್ಯಾಂಪೇನ್ ಹೆಸರನ್ನು ಸೇರಿಸಿ ಎಂಡಿ5 ಹ್ಯಾಶ್ (ಕೊಟ್ಟ ಪಠ್ಯವನ್ನು ಗೊತ್ತುಗುರಿಯಿಲ್ಲದಂತೆ ಕಾಣುವ ಅಕ್ಷರ-ಅಂಕಿಗಳ ಸಾಲಾಗಿಸುವ ಸೂತ್ರ) ತೆಗೆಯಿರಿ. ಅದರ ಕೊನೆಯ ಎರಡು ಹೆಕ್ಸ್ (ಹದಿನಾರರ ಲೆಕ್ಕದ) ಅಕ್ಷರ 0ರಿಂದ 255ರವರೆಗಿನ ಒಂದು ಸಂಖ್ಯೆ. 26ಕ್ಕಿಂತ ಕಡಿಮೆ ಬಂದವರನ್ನು ಬಿಟ್ಟರೆ ಹೆಚ್ಚುಕಡಿಮೆ ಹತ್ತು ಪರ್ಸೆಂಟ್ ಆಯಿತು. ಕಳಿಸುವ ಮುಂಚೆ ಎರಡೂ ಗುಂಪಿನ ಹಿಂದಿನ ವರ್ಷದ ಖರೀದಿ ಹೋಲಿಸಿ. ಅಲ್ಲೇ ದೊಡ್ಡ ಅಂತರ ಕಂಡರೆ ಒಡೆದದ್ದರಲ್ಲಿ ಏನೋ ಎಡವಟ್ಟಾಗಿದೆ.

ಅಳೆಯಬೇಕಾದ್ದು ಖರೀದಿ, ಓಪನ್ ರೇಟ್ (ಮೇಲ್ ತೆರೆದವರ ಪ್ರಮಾಣ) ಅಲ್ಲ. ಮೇಲ್ ತೆರೆದರು ಎಂಬ ಲೆಕ್ಕ ಸಿಗುವುದು ಅದರೊಳಗಿನ ಚಿತ್ರ ಇಳಿದದ್ದರಿಂದ. 2021ರಿಂದ ಆಪಲ್ ಮೇಲ್, ಅದರ ಗೌಪ್ಯತಾ ಆಯ್ಕೆ ಆನ್ ಇದ್ದಾಗ, ಚಿತ್ರಗಳನ್ನು ತಾನೇ ಮುಂಚಿತವಾಗಿ ಇಳಿಸಿಕೊಳ್ಳುವುದರಿಂದ ತೆರೆಯದ ಮೇಲ್ ಕೂಡ ತೆರೆದಂತೆ ದಾಖಲಾಗುತ್ತದೆ. ಕ್ಲಿಕ್ಕನ್ನೂ ಪೂರ್ತಿ ನಂಬುವಂತಿಲ್ಲ: ಕಂಪನಿ ವಿಳಾಸಗಳಲ್ಲಿ ಭದ್ರತಾ ಸ್ಕ್ಯಾನರ್‌ಗಳು ಮೇಲ್ ತಲುಪಿದ ಕ್ಷಣಗಳಲ್ಲೇ ಎಲ್ಲ ಲಿಂಕ್‌ಗಳನ್ನೂ ಒತ್ತಿಬಿಡುವುದುಂಟು. ಇನ್ನೊಂದು ಮಾತು, ಮೇಲ್ ತೆರೆದವರನ್ನಷ್ಟೇ ಆರಿಸಿ ಹೋಲಿಸಿದರೆ ಇಡೀ ಪರೀಕ್ಷೆ ವ್ಯರ್ಥ. ಗುಂಪಿಗೆ ಹಾಕಿದ ಎಲ್ಲರೂ ಲೆಕ್ಕದಲ್ಲಿರಬೇಕು.

ಫಲಿತಾಂಶ, ನೆನಪಿನಿಂದ ಹೇಳುವುದಾದರೆ: ಕೂಪನ್ ಮೇಲ್ ಹೋದವರಲ್ಲಿ 2.4 ಪರ್ಸೆಂಟ್ ಕೊಂಡರು, ಹೋಗದವರಲ್ಲಿ 1.9. ಅಂದರೆ ಕೊಂಡ ಐದು ಜನರಲ್ಲಿ ನಾಲ್ವರು ಹೇಗೂ ಕೊಳ್ಳುವವರೇ ಇದ್ದರು. ಒಂದು ಹೊಸ ಆರ್ಡರ್‌ಗೆ ಐದು ಕೂಪನ್‌ಗಳ ದುಡ್ಡು ಹೋಗುತ್ತಿತ್ತು. ಇಷ್ಟನ್ನೆಲ್ಲ ತಿಳಿಯಲು ಬಿಟ್ಟುಕೊಟ್ಟದ್ದು ಹೆಚ್ಚೆಂದರೆ ನೂರು ಆರ್ಡರ್. ವರ್ಷಗಳಿಂದ ಬರುತ್ತಿದ್ದ ರಿಪೋರ್ಟ್‌ನಲ್ಲಿ ಯಾರೂ ಕಾಣದಿದ್ದ ಖರ್ಚನ್ನು ಒಬ್ಬ ಇಂಟರ್ನ್ ಎತ್ತಿ ತೋರಿಸಿದ್ದು ನನಗೆ ಹೆಮ್ಮೆಯೇ.

ಇದರ ಪಕ್ಕದಲ್ಲೇ ಒಂದು ಸಣ್ಣ ಪ್ರಯೋಗ ನಡೆಸಿದೆ: ಮೇಲ್ ಹೋಗುವವರಲ್ಲಿ ಅರ್ಧ ಜನಕ್ಕೆ ರಿಯಾಯಿತಿಯೇ ಇಲ್ಲದ ಸಾದಾ ಮೇಲ್. ಅವರಲ್ಲಿ ಕೊಂಡವರ ಪ್ರಮಾಣ 2.2 ಪರ್ಸೆಂಟ್‌ನ ಸುತ್ತ ನಿಂತಿತು, ಅಂದರೆ ಹೆಚ್ಚಳದ ದೊಡ್ಡ ಪಾಲು ಬರೀ ನೆನಪಿಸಿದ್ದರಿಂದಲೇ ಬಂದದ್ದು. ಆ ಮೇಲ್‌ನ ಸಬ್ಜೆಕ್ಟ್ ಸಾಲನ್ನು ಮಾತ್ರ ಇಲ್ಲಿ ಬಿಟ್ಟುಕೊಡುವುದಿಲ್ಲ, ಮುಂದಿನ ಕೆಲಸಕ್ಕೆ ಬೇಕು.

ಈಗ ಅಲ್ಲಿ ಕೂಪನ್ ಹೋಗುವುದು ಏನೂ ಕೊಳ್ಳದೆ ವರ್ಷ ದಾಟಿದವರಿಗೆ ಮಾತ್ರ, ಉಳಿದವರಿಗೆ ಸಾದಾ ಮೇಲ್. ಹತ್ತು ಪರ್ಸೆಂಟ್ ಜನರನ್ನು ಪ್ರತಿ ಕ್ಯಾಂಪೇನ್‌ನಲ್ಲೂ ಹೊರಗಿಡುತ್ತಾರೆ. ಆ ಪಟ್ಟಿಯನ್ನು ಕಳಿಸುವ ಹಿಂದಿನ ದಿನವೇ ತಾರೀಖು ಹಾಕಿ ಬೀಗ ಹಾಕಿಡುವಂತೆ ಹೇಳಿ ಬಂದಿದ್ದೇನೆ. ಆಮೇಲೆ ಒಂದೇ ಒಂದು ಹೆಸರು ಆಚೀಚೆಯಾದರೂ ಆ ಸುತ್ತಿನ ಲೆಕ್ಕವನ್ನು ರಿಪೋರ್ಟ್‌ಗೆ ಸೇರಿಸುವಂತಿಲ್ಲ.