ನಡುವೆ ಬರುವ ‘ಆಫ್’ ಮತ್ತು ಕೈತಪ್ಪುವ ಬಹುವಚನ

ಕೊಡಗಿನಲ್ಲಿ ಇಂಗ್ಲಿಷ್ ಬರೆಯಬೇಕಾದ ಸಂದರ್ಭಗಳು ಒಂದೆರಡಲ್ಲ. ಹೋಮ್‌ಸ್ಟೇ ನಡೆಸುವವರು ಅತಿಥಿಗಳಿಗೆ ಸಂದೇಶ ಕಳುಹಿಸಬೇಕು, ತೋಟದ ರೈಟರು ಕಾಫಿ ಚೀಲಗಳ ಲೆಕ್ಕ ಬರೆದು ಕೊಡಬೇಕು, ಹತ್ತನೇ ತರಗತಿಯ ಮಕ್ಕಳು ತಲಕಾವೇರಿ ಪ್ರವಾಸದ ಬಗ್ಗೆ ಪ್ರಬಂಧ ಬರೆಯಬೇಕು. ಬೇಕಾದ ಪದಗಳೆಲ್ಲ ಅವರಿಗೆ ಗೊತ್ತಿರುತ್ತವೆ. ಆದರೂ ‘ದ ರೂಮ್ಸ್ ಇನ್ ದ ಓಲ್ಡ್ ಹೌಸ್ ಈಸ್ ಕ್ಲೀನ್’ ಎಂಬಂತಹ ವಾಕ್ಯ ಬಂದುಬಿಡುತ್ತದೆ. ‘ರೂಮ್ಸ್’ ಬಹುವಚನ, ‘ಈಸ್’ ಏಕವಚನ. ನಡುವೆ ಕುಳಿತ ‘ಇನ್ ದ ಓಲ್ಡ್ ಹೌಸ್’ ಎಂಬ ತುಂಡು ಬರೆಯುವವರ ಲಕ್ಷ್ಯವನ್ನು ತನ್ನ ಕಡೆಗೆ ಎಳೆದುಕೊಂಡಿದೆ.

ಈ ತುಂಡನ್ನು ಪ್ರಿಪೊಸಿಷನ್ ಫ್ರೇಸ್ ಎನ್ನುತ್ತಾರೆ. ಆಫ್, ಇನ್, ಆನ್, ಅಟ್, ವಿತ್, ಫ್ರಮ್, ನಿಯರ್, ಬಿಟ್ವೀನ್ ಮುಂತಾದ ಒಂದು ಪುಟ್ಟ ಪದ, ಅದರ ಹಿಂದೆಯೇ ಬರುವ ಒಂದು ನಾಮಪದ: ಇವೆರಡೂ ಸೇರಿದರೆ ಫ್ರೇಸ್ ಆಯಿತು. ನಮ್ಮ ಕಡೆಯ ಇಂಗ್ಲಿಷ್ ಬರವಣಿಗೆಯಲ್ಲಿ ಕಾಣುವ ವಚನದೋಷಗಳಲ್ಲಿ ದೊಡ್ಡ ಪಾಲು ಹುಟ್ಟುವುದು ಇಲ್ಲಿಯೇ ಎಂಬುದು ನನ್ನ ಖಚಿತ ಅಭಿಪ್ರಾಯ. ಮಕ್ಕಳ ಪುಸ್ತಕದಲ್ಲಿ ಇಂತಹ ತಪ್ಪಿಗೆ ಕೆಂಪು ಗೆರೆ ಎಳೆದು ಬಿಟ್ಟರೆ ಪ್ರಯೋಜನವಿಲ್ಲ, ಅದು ಏಕೆ ಬಂತು ಎಂದು ತೋರಿಸಿಕೊಡಬೇಕು.

ಕಾರಣ ನಮ್ಮ ಭಾಷೆಯ ಜೋಡಣೆಯಲ್ಲಿದೆ. ‘ಹಳೆಯ ಮನೆಯ ಕೋಣೆಗಳು ಸ್ವಚ್ಛವಾಗಿವೆ’ ಎನ್ನುವಾಗ ಮುಖ್ಯ ನಾಮಪದವಾದ ‘ಕೋಣೆಗಳು’ ಕೊನೆಗೆ ಬಂದು ಕ್ರಿಯಾಪದಕ್ಕೆ ತಾಗಿಕೊಂಡೇ ನಿಲ್ಲುತ್ತದೆ. ವಿವರಣೆಯೆಲ್ಲ ಅದಕ್ಕಿಂತ ಮುಂಚೆಯೇ ಮುಗಿದಿರುತ್ತದೆ. ಮನೆಯಲ್ಲಿ ಕೊಡವ ತಕ್ಕ್ ಆಡುವವರಿಗೂ ಅರೆಭಾಷೆ ಆಡುವವರಿಗೂ ಇದೇ ಕ್ರಮ ರೂಢಿ. ಇಂಗ್ಲಿಷಿನಲ್ಲಿ ಮುಖ್ಯ ನಾಮಪದ ಮೊದಲು ಬರುತ್ತದೆ, ವಿವರಣೆ ಅದರ ಹಿಂದೆ ಬಂದು ನಾಮಪದವನ್ನೂ ಕ್ರಿಯಾಪದವನ್ನೂ ದೂರ ಮಾಡುತ್ತದೆ. ಕ್ರಿಯಾಪದದ ಪಕ್ಕದಲ್ಲಿರುವುದೇ ಕರ್ತೃಪದ ಎಂದು ನಂಬಿ ಬೆಳೆದ ಕಿವಿ ಅಲ್ಲಿ ಮೋಸಹೋಗುತ್ತದೆ.

ಇಂಗ್ಲಿಷನ್ನೇ ತಾಯ್ನುಡಿಯಾಗಿ ಉಳ್ಳವರೂ ಇದರಿಂದ ಪೂರ್ತಿ ಪಾರಾಗಿಲ್ಲ. ಕ್ಯಾಥ್ರಿನ್ ಬಾಕ್ ಮತ್ತು ಕ್ಯಾರಲ್ ಮಿಲ್ಲರ್ ಎಂಬ ಮನೋವಿಜ್ಞಾನಿಗಳು 1991ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದನ್ನು ತೋರಿಸಿದವು. ಮುಖ್ಯ ನಾಮಪದ ಏಕವಚನದಲ್ಲಿದ್ದು, ನಡುವಿನ ನಾಮಪದ ಬಹುವಚನದಲ್ಲಿದ್ದಾಗ ತಪ್ಪು ಹೆಚ್ಚು. ಅದು ತಿರುಗುಮುರುಗಾದಾಗ ಬಹಳ ಕಡಿಮೆ. ಹಾಗಾಗಿ ‘ದ ಲಿಸ್ಟ್ ಆಫ್ ಹೋಮ್‌ಸ್ಟೇಸ್’ ಎಂಬ ಮಾದರಿಯ ವಾಕ್ಯವನ್ನು ಎರಡು ಸಲ ಓದುವುದು ಒಳ್ಳೆಯದು.

ಮೊದಲ ಹೆಜ್ಜೆ: ಪೆನ್ಸಿಲಿನಿಂದ ಕಂಸ ಹಾಕಿ

ವಾಕ್ಯದಲ್ಲಿ ಪ್ರಿಪೊಸಿಷನ್ ಎಲ್ಲಿದೆ ಎಂದು ಹುಡುಕಿ. ಅಲ್ಲಿಂದ ಅದರ ನಾಮಪದದವರೆಗೆ ಕಂಸ ಹಾಕಿ. ಕಂಸದೊಳಗಿನದನ್ನು ಬಿಟ್ಟು ಉಳಿದದ್ದನ್ನು ಗಟ್ಟಿಯಾಗಿ ಓದಿ. ‘ದ ಎಲಿಫೆಂಟ್ಸ್ ಅಟ್ ದ ದುಬಾರೆ ಕ್ಯಾಂಪ್ ಬೇದ್ ಇನ್ ದ ಕಾವೇರಿ’ ಎಂಬ ವಾಕ್ಯದಲ್ಲಿ ‘ಅಟ್ ದ ದುಬಾರೆ ಕ್ಯಾಂಪ್’, ‘ಇನ್ ದ ಕಾವೇರಿ’ ಎರಡೂ ಕಂಸಕ್ಕೆ ಹೋಗುತ್ತವೆ. ಉಳಿಯುವುದು ‘ದ ಎಲಿಫೆಂಟ್ಸ್ ಬೇದ್’. ಸ್ನಾನ ಮಾಡುವುದು ಆನೆಗಳು, ಕ್ಯಾಂಪ್ ಅಲ್ಲ. ಆದ್ದರಿಂದ ‘ಬೇದ್ಸ್’ ಎಂದು ಬರೆಯುವಂತಿಲ್ಲ.

ಇದಕ್ಕೆ ಎದುರಾದ ವಾಕ್ಯವನ್ನೂ ನೋಡಿ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮೇಲೆ ತೋಟವೆಲ್ಲ ಬೆಳ್ಳಗಾಗಿ ಕಂಪು ಹರಡುವುದನ್ನು ಮಕ್ಕಳು ಪ್ರಬಂಧದಲ್ಲಿ ಬರೆಯದೆ ಬಿಡುವುದಿಲ್ಲ. ‘ದ ಸ್ಮೆಲ್ ಆಫ್ ದ ಬ್ಲಾಸಮ್ಸ್ ಫಿಲ್ಸ್ ದ ಎಸ್ಟೇಟ್’ ಎಂಬುದು ಸರಿಯಾದ ರೂಪ. ಹೂವುಗಳು ಎಷ್ಟೇ ಇರಲಿ, ತುಂಬುವುದು ಕಂಪು, ಅದು ಒಂದೇ. ಆದರೆ ಬರೆಯುವವರ ಕೈ ‘ಬ್ಲಾಸಮ್ಸ್’ ಎಂಬ ಬಹುವಚನ ಕಂಡೊಡನೆ ‘ಫಿಲ್’ ಎಂದು ಬರೆಯಲು ತವಕಿಸುತ್ತದೆ.

ಇಲ್ಲಿ ‘ಸ್’ ಅಕ್ಷರದ ಆಟವೂ ಇದೆ. ಇಂಗ್ಲಿಷ್ ನಾಮಪದಕ್ಕೆ ‘ಸ್’ ಸೇರಿದರೆ ಬಹುವಚನ, ವರ್ತಮಾನಕಾಲದ ಕ್ರಿಯಾಪದಕ್ಕೆ ಸೇರಿದರೆ ಏಕವಚನ. ‘ದ ಡಾಗ್ ಬಾರ್ಕ್ಸ್’, ‘ದ ಡಾಗ್ಸ್ ಬಾರ್ಕ್’. ಸಾಮಾನ್ಯವಾಗಿ ಎರಡರಲ್ಲಿ ಒಂದಕ್ಕೆ ಮಾತ್ರ ‘ಸ್’ ಎಂದು ಮಕ್ಕಳು ಬೇಗ ಕಲಿತುಬಿಡುತ್ತಾರೆ. ನಡುವೆ ಬಂದ ಫ್ರೇಸ್ ತನ್ನದೇ ಆದ ‘ಸ್’ ಒಂದನ್ನು ಹೊತ್ತು ತಂದಾಗ ಆ ಲೆಕ್ಕ ಕೆಡುತ್ತದೆ. ಕಂಸ ಹಾಕಿದರೆ ಆ ಹೆಚ್ಚುವರಿ ‘ಸ್’ ಕೂಡ ಒಳಗೆ ಸೇರಿಕೊಂಡು ಲೆಕ್ಕ ಮತ್ತೆ ಸರಿಹೋಗುತ್ತದೆ.

ಎರಡನೆಯ ಹೆಜ್ಜೆ: ಬಹುವಚನ ಯಾವುದಕ್ಕೆ?

ಇದು ತೋಟದ ಲೆಕ್ಕ ಬರೆಯುವವರಿಗೆ ಹೆಚ್ಚು ಬೇಕಾದ ಭಾಗ. ನಾವು ‘ಐದು ಚೀಲ ಕಾಫಿ’, ‘ಐದು ಬುಟ್ಟಿ ಕಿತ್ತಳೆ’ ಎನ್ನುತ್ತೇವೆ. ಸಂಖ್ಯೆ ಇದ್ದ ಮೇಲೆ ‘ಚೀಲಗಳು’ ಎನ್ನುವ ಅಗತ್ಯ ಕನ್ನಡಕ್ಕಿಲ್ಲ, ಚೀಲಕ್ಕೂ ಕಾಫಿಗೂ ನಡುವೆ ಯಾವ ಕೊಂಡಿಯೂ ಬೇಕಿಲ್ಲ. ಇಂಗ್ಲಿಷ್ ಎರಡನ್ನೂ ಕೇಳುತ್ತದೆ: ಎಣಿಸಿದ ವಸ್ತುವಿಗೆ ಬಹುವಚನ, ನಡುವೆ ‘ಆಫ್’. ‘ಫೈವ್ ಬ್ಯಾಗ್ಸ್ ಆಫ್ ಕಾಫಿ’, ‘ಫೈವ್ ಬಾಸ್ಕೆಟ್ಸ್ ಆಫ್ ಆರೆಂಜಸ್’.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ‘ಆಫ್’ ಆದ ಮೇಲೆ ಕಾಫಿ ಏಕವಚನದಲ್ಲೇ ಉಳಿಯಿತು, ಕಿತ್ತಳೆ ಬಹುವಚನವಾಯಿತು. ಕಾಫಿಯನ್ನು ಅಳೆಯುತ್ತೇವೆ, ಕಿತ್ತಳೆಯನ್ನು ಎಣಿಸುತ್ತೇವೆ. ಅಕ್ಕಿ, ಜೇನು, ಕರಿಮೆಣಸು ಅಳೆಯುವ ಸಾಲಿನವು. ಬಾಳೆಹಣ್ಣು, ಮೊಟ್ಟೆ, ತೆಂಗಿನಕಾಯಿ ಎಣಿಸುವ ಸಾಲಿನವು. ಬುಟ್ಟಿ ಒಂದೇ ಆದರೂ ‘ಎ ಬಾಸ್ಕೆಟ್ ಆಫ್ ಆರೆಂಜಸ್’ ಎಂದೇ ಬರೆಯಬೇಕು, ಏಕೆಂದರೆ ಒಳಗಿರುವ ಹಣ್ಣುಗಳು ಹಲವು. ಕ್ರಿಯಾಪದ ಮಾತ್ರ ಬುಟ್ಟಿಯ ಮಾತನ್ನೇ ಕೇಳುತ್ತದೆ: ‘ಎ ಬಾಸ್ಕೆಟ್ ಆಫ್ ಆರೆಂಜಸ್ ಈಸ್ ಆನ್ ದ ಟೇಬಲ್’. ಬುಟ್ಟಿಗಳು ಐದಾದರೆ ‘ಆರ್’.

ಇದೇ ನಿಯಮ ಹೈಫನ್ ಹಾಕಿ ಬರೆಯುವ ಪದಗಳಲ್ಲಿಯೂ ಅಡಗಿದೆ. ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪನವರು 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಕಮಾಂಡರ್-ಇನ್-ಚೀಫ್ ಆದದ್ದು ಕೊಡಗಿನ ಮಕ್ಕಳಿಗೆಲ್ಲ ಗೊತ್ತು. ಆ ಹುದ್ದೆಯ ಬಹುವಚನ ‘ಕಮಾಂಡರ್-ಇನ್-ಚೀಫ್ಸ್’ ಅಲ್ಲ, ‘ಕಮಾಂಡರ್ಸ್-ಇನ್-ಚೀಫ್’. ‘ಇನ್ ಚೀಫ್’ ಎಂಬುದೂ ಒಂದು ಪ್ರಿಪೊಸಿಷನ್ ಫ್ರೇಸ್, ಮುಖ್ಯ ನಾಮಪದ ಅದಕ್ಕಿಂತ ಮೊದಲು ಬರುವ ‘ಕಮಾಂಡರ್’. ಸೊಸೆಯಂದಿರು ‘ಡಾಟರ್ಸ್-ಇನ್-ಲಾ’ ಆಗುವುದೂ ಇದೇ ಕಾರಣಕ್ಕೆ.

ಮೂರನೆಯ ಹೆಜ್ಜೆ: ‘ಒನ್ ಆಫ್’ ಬಂದರೆ

‘ಒನ್ ಆಫ್’ ಆದ ಮೇಲೆ ಬಹುವಚನ ಬರಲೇಬೇಕು. ಹಲವರಲ್ಲಿ ಒಬ್ಬರು, ಹಲವುಗಳಲ್ಲಿ ಒಂದು ಎಂದ ಮೇಲೆ ಆ ಹಲವು ಕಾಣಬೇಡವೇ? ‘ಲಕ್ಷ್ಮಣತೀರ್ಥ ಈಸ್ ಒನ್ ಆಫ್ ದ ಟ್ರಿಬ್ಯುಟರೀಸ್ ಆಫ್ ದ ಕಾವೇರಿ’ ಎಂದು ಬರೆಯಬೇಕು. ‘ಒನ್ ಆಫ್ ದ ಟ್ರಿಬ್ಯುಟರಿ’ ಎಂದರೆ ತಪ್ಪು. ‘ಒನ್ ಆಫ್’ ವಾಕ್ಯದ ಮೊದಲಿಗೆ ಬಂದರೆ ಕ್ರಿಯಾಪದ ಏಕವಚನ: ‘ಒನ್ ಆಫ್ ದ ಗೆಸ್ಟ್ಸ್ ಹ್ಯಾಸ್ ಲೆಫ್ಟ್’. ‘ಈಚ್ ಆಫ್ ದ ರೂಮ್ಸ್ ಹ್ಯಾಸ್ ಎ ಗೀಸರ್’ ಎಂಬುದೂ ಹೀಗೆಯೇ.

ಕಂಸ ಸಾಲದ ಕಡೆ

ಕೆಲವು ಪದಗಳ ಮುಂದೆ ಈ ಉಪಾಯ ನಡೆಯುವುದಿಲ್ಲ. ಮೋಸ್ಟ್, ಸಮ್, ಆಲ್, ಹಾಫ್ ಇವು ಎಣಿಕೆಗೂ ಸಲ್ಲುತ್ತವೆ, ಅಳತೆಗೂ ಸಲ್ಲುತ್ತವೆ. ಅವು ಏಕವಚನವೋ ಬಹುವಚನವೋ ಎಂದು ತಿಳಿಯಲು ‘ಆಫ್’ ದಾಟಿ ನೋಡಲೇಬೇಕು. ‘ಮೋಸ್ಟ್ ಆಫ್ ದ ಕಾಫಿ ಈಸ್ ಡ್ರೈ’, ಆದರೆ ‘ಮೋಸ್ಟ್ ಆಫ್ ದ ಬೆರೀಸ್ ಆರ್ ರೈಪ್’.

‘ನಂಬರ್’ ಪದದ ಬಗ್ಗೆ ಎಚ್ಚರ ಬೇಕು. ‘ಎ ನಂಬರ್ ಆಫ್ ಟೂರಿಸ್ಟ್ಸ್ ಹ್ಯಾವ್ ಕಮ್’ ಎಂದರೆ ಹಲವು ಪ್ರವಾಸಿಗರು ಬಂದಿದ್ದಾರೆ, ಬಹುವಚನ. ‘ದ ನಂಬರ್ ಆಫ್ ಟೂರಿಸ್ಟ್ಸ್ ಹ್ಯಾಸ್ ಇನ್‌ಕ್ರೀಸ್ಡ್’ ಎಂದರೆ ಸಂಖ್ಯೆ ಹೆಚ್ಚಿದೆ, ಏಕವಚನ. ‘ಎ’ ಹೋಗಿ ‘ದ’ ಬಂದದ್ದೇ ತಡ, ಕ್ರಿಯಾಪದ ಬದಲಾಯಿತು.

‘ಅಲಾಂಗ್ ವಿತ್’ ಬಂದರೆ ಚಿಂತೆಯಿಲ್ಲ, ಅದು ಕಂಸಕ್ಕೆ ಹೋಗುವ ತುಂಡೇ. ‘ದ ಓನರ್, ಅಲಾಂಗ್ ವಿತ್ ಹಿಸ್ ಸನ್ಸ್, ಈಸ್ ಕಮಿಂಗ್’. ಅದರ ಜಾಗದಲ್ಲಿ ‘ಆ್ಯಂಡ್’ ಬಂದರೆ ‘ಆರ್’.

ಕೊನೆಯ ಹೆಜ್ಜೆ: ತುಂಡುಗಳ ಜಾಗ

ವಚನ ಸರಿಯಿದ್ದ ಮಾತ್ರಕ್ಕೆ ವಾಕ್ಯ ಸರಿಯಾಗುವುದಿಲ್ಲ. ಪ್ರಿಪೊಸಿಷನ್ ಫ್ರೇಸ್ ತನಗೆ ಹತ್ತಿರವಿರುವ ನಾಮಪದವನ್ನು ವಿವರಿಸಲು ಹೊರಡುತ್ತದೆ. ‘ರೂಮ್ಸ್ ಫಾರ್ ಫ್ಯಾಮಿಲೀಸ್ ವಿತ್ ಬಾಲ್ಕನೀಸ್’ ಎಂದು ಬೋರ್ಡಿನಲ್ಲಿ ಬರೆದರೆ, ಬಾಲ್ಕನಿ ಇರುವ ಕುಟುಂಬಗಳಿಗೆ ಮಾತ್ರ ಕೋಣೆ ಕೊಡುತ್ತಾರೆ ಎಂಬ ಅರ್ಥ ಹೊರಡುತ್ತದೆ. ಬಾಲ್ಕನಿ ಸೇರಬೇಕಾದದ್ದು ಕೋಣೆಗೆ. ಅದನ್ನು ಕೋಣೆಯ ಪಕ್ಕದಲ್ಲೇ ಇಡಬೇಕು: ‘ರೂಮ್ಸ್ ವಿತ್ ಬಾಲ್ಕನೀಸ್ ಫಾರ್ ಫ್ಯಾಮಿಲೀಸ್’.

ಬೋರ್ಡಿನಲ್ಲಿ ಜಾಗ ಕಡಿಮೆ ಎಂದು ಫ್ರೇಸನ್ನೇ ಮಡಚಿ ನಾಮಪದದ ಮುಂದೆ ಇಡುವುದೂ ಉಂಟು. ಹಾಗೆ ಮಡಚಿದಾಗ ಬಹುವಚನ ಉದುರಿಹೋಗುತ್ತದೆ. ‘ಎ ಟ್ರೆಕ್ ಆಫ್ ಟೂ ಡೇಸ್’ ಎಂಬುದು ‘ಎ ಟೂ-ಡೇ ಟ್ರೆಕ್’ ಆಗುತ್ತದೆ. ‘ಟೂ-ಡೇಸ್ ಟ್ರೆಕ್’ ಎಂಬುದು ತಪ್ಪು. ‘ಎ ಬಾಸ್ಕೆಟ್ ಫಾರ್ ಆರೆಂಜಸ್’ ಎಂಬುದು ‘ಎನ್ ಆರೆಂಜ್ ಬಾಸ್ಕೆಟ್’ ಆಗುತ್ತದೆ. ಮಡಚುವಾಗ ಅರ್ಥ ಬದಲಾಗುವ ಕಡೆಯೂ ಇದೆ: ‘ಬ್ಯಾಗ್ಸ್ ಆಫ್ ಕಾಫಿ’ ಎಂದರೆ ಕಾಫಿ ತುಂಬಿದ ಚೀಲಗಳು, ‘ಕಾಫಿ ಬ್ಯಾಗ್ಸ್’ ಎಂದರೆ ಕಾಫಿ ತುಂಬಲು ಇಟ್ಟ ಖಾಲಿ ಚೀಲಗಳೂ ಆಗಬಹುದು. ಲೆಕ್ಕ ಬರೆಯುವಾಗ ಈ ವ್ಯತ್ಯಾಸ ದುಡ್ಡಿನ ವ್ಯತ್ಯಾಸ, ಹಾಗಾಗಿ ಅಲ್ಲಿ ‘ಆಫ್’ ಬಿಡಬೇಡಿ.

ಈಗ ಒಂದು ಉದ್ದದ ವಾಕ್ಯವನ್ನು ಪೆನ್ಸಿಲ್ ಹಿಡಿದು ನೋಡೋಣ. ‘ದ ಪೆಪ್ಪರ್ ವೈನ್ಸ್ ಆನ್ ದ ಸಿಲ್ವರ್ ಓಕ್ ನಿಯರ್ ದ ಗೇಟ್ ಆಫ್ ದ ಎಸ್ಟೇಟ್’ ಎಂದು ಶುರುವಾಗಿದೆ, ಮುಂದೆ ‘ನೀಡ್’ ಬರೆಯಬೇಕೋ ‘ನೀಡ್ಸ್’ ಬರೆಯಬೇಕೋ ಎಂಬುದು ಪ್ರಶ್ನೆ. ಆನ್, ನಿಯರ್, ಆಫ್ ಎಂದು ಮೂರು ಪ್ರಿಪೊಸಿಷನ್‌ಗಳಿವೆ, ಮೂರು ಕಂಸಗಳಾದವು. ಮರ, ಗೇಟು, ಎಸ್ಟೇಟು ಮೂರೂ ಏಕವಚನ, ಮೂರೂ ಕಂಸದ ಒಳಗೆ. ಹೊರಗೆ ಉಳಿದದ್ದು ‘ವೈನ್ಸ್’. ‘ನೀಡ್ ವಾಟರ್’ ಎಂದು ಬರೆದು ಪೂರ್ಣವಿರಾಮ ಇಡಿ.