ಬೆಕ್ಕು ಲೋಟ ಬೀಳಿಸೋ ಗೇಮ್ ಮಾಡೋಕೆ ನಂಗೆ ಹನ್ನೊಂದು ದಿನ ಹಿಡೀತು

ಆಡೋಕೆ ಹತ್ತು ಸೆಕೆಂಡೂ ಬೇಡ, ಮಾಡೋಕೆ ಮಾತ್ರ ಹನ್ನೊಂದು ದಿನ. ದಿನಾ ರಾತ್ರಿ ಎಲ್ಲಾ ಮಲಗಿದ್ಮೇಲೆ ಒಂದೊಂದು ಗಂಟೆ ಅಂತಾನೇ ಲೆಕ್ಕ ಹಾಕಿ, ಹನ್ನೊಂದು ಗಂಟೆ ಒಂದು ಬೆಕ್ಕಿನ ಪಂಜಕ್ಕೆ ಸುರಿದಿದೀನಿ. ಬೇಜಾರೇನಿಲ್ಲ ಬಿಡಿ, ಹೇಗೆ ಮಾಡ್ದೆ ಅಂತ ಬರೀತೀನಿ, ಯಾರಾದ್ರೂ ಹಳೇ ನಿಂಟೆಂಡೋ ಡಿಎಸ್ (ಕೈಯಲ್ಲಿ ಹಿಡ್ಕೊಂಡು ಆಡೋ ಗೇಮ್ ಯಂತ್ರ) ಇಟ್ಕೊಂಡಿದ್ರೆ ಉಪಯೋಗಕ್ಕೆ ಬರಬಹುದು.

ನಾನು ಇದನ್ನ ಮಾಡಿದ್ದು ಇನ್ನೊಂದು ಗೇಮ್ ಒಳಗೆ, ಅದರ ಹೆಸರು ವಾರಿಯೋವೇರ್ ಡಿಐವೈ (ಡಿಐವೈ ಅಂದ್ರೆ 'ನೀವೇ ಮಾಡ್ಕೊಳ್ಳಿ'), ನಿಂಟೆಂಡೋ ಡಿಎಸ್‌ದು. ಜಪಾನಲ್ಲಿ 2009ರ ಏಪ್ರಿಲಲ್ಲಿ ಬಂತು, ಅಲ್ಲಿ ಅದರ ಹೆಸರು 'ಮೇಡ್ ಇನ್ ಓರೆ', ಓರೆ ಅಂದ್ರೆ ಜಪಾನೀಸಲ್ಲಿ 'ನಾನು', ಗಂಡಸರು ಸ್ವಲ್ಪ ಜಂಬದಲ್ಲಿ ಹೇಳ್ಕೊಳ್ಳೋ 'ನಾನು'. ಅಮೆರಿಕ, ಯುರೋಪಿಗೆ ಬಂದಿದ್ದು 2010ರಲ್ಲಿ. ವಾರಿಯೋವೇರ್ ಗೊತ್ತಿಲ್ದೇ ಇರೋರಿಗೆ: 2003ರಲ್ಲಿ ಗೇಮ್‌ಬಾಯ್ ಅಡ್ವಾನ್ಸಲ್ಲಿ (ಡಿಎಸ್‌ಗಿಂತ ಮುಂಚಿನ ನಿಂಟೆಂಡೋ ಯಂತ್ರ) ಶುರುವಾದ ಸರಣಿ ಇದು, ಒಂದೊಂದು ಆಟಾನೂ ಕಣ್ಣು ಮಿಟುಕಿಸೋದ್ರೊಳಗೆ ಮುಗಿಯುತ್ತೆ, ಮೇಲೆ 'ಹಿಡಿ' 'ತಪ್ಪಿಸ್ಕೋ' ಅನ್ನೋ ತರ ಒಂದು ಮಾತು ಬರುತ್ತೆ, ಏನು ಎತ್ತ ಅಂತ ಅರ್ಥ ಆಗೋದ್ರೊಳಗೆ ಗೆದ್ದಿರ್ತೀರ ಇಲ್ಲಾ ಸೋತಿರ್ತೀರ, ತಕ್ಷಣ ಇನ್ನೊಂದು ಶುರು. ಡಿಐವೈ ಮಾಡಿದ್ದೇನಂದ್ರೆ ಆ ಕಾರ್ಖಾನೆ ಬೀಗದ ಕೈನೇ ತಂದು ನಮ್ಮ ಕೈಗೆ ಕೊಟ್ಟಿದ್ದು. ಚಿತ್ರ ನೀವೇ ಬರೀರಿ, ಹಾಡು ನೀವೇ ಮಾಡಿ, ಯಾವಾಗ ಏನಾಗಬೇಕು ಅನ್ನೋದನ್ನೂ ನೀವೇ ಹೇಳಿ. ನಾಲ್ಕು ಚೌಕದ ಕಾಮಿಕ್ ಬರೆಯೋಕೂ ಒಂದು ಜಾಗ ಇದೆ, ನಾನು ಆ ಕಡೆ ತಲೆ ಹಾಕಿಲ್ಲ.

ನಂಗೆ ಸಿಕ್ಕಿದ್ದು ಸೆಕೆಂಡ್ ಹ್ಯಾಂಡ್ ಗೇಮ್ ಕಾರ್ಡ್. ಆನ್ ಮಾಡಿ ನೋಡಿದ್ರೆ ಒಳಗೆ ಯಾರದ್ದೋ ಆಟಗಳು ಹಾಗೇ ಕೂತಿವೆ! ಮಾಡಿದ್ದೆಲ್ಲಾ ಕಾರ್ಡ್ ಒಳಗೇ ಸೇವ್ ಆಗೋದ್ರಿಂದ, ಮಾರುವಾಗ ಅಳಿಸದೇ ಇದ್ರೆ ಎಲ್ಲಾ ಹಾಗೇ ಮುಂದಿನವರ ಕೈಗೆ ಹೋಗುತ್ತೆ. ಚಿತ್ರ ನೋಡಿದ್ರೆ ಯಾವುದೋ ಮಗು ಬರೆದಿದ್ದು ಅನ್ಸುತ್ತೆ, ಮನುಷ್ಯರಿಗೆಲ್ಲಾ ಕಡ್ಡಿ ಕೈಕಾಲು, ಎಲ್ಲರ ಬಾಯಲ್ಲೂ ಹಲ್ಲೇ ಹಲ್ಲು. ಮೊದಲು ಅಳಿಸೋಣ ಅಂತಾನೇ ಇದ್ದೆ. ಅಳಿಸದೇ ಇದ್ದಿದ್ದು ಒಳ್ಳೇದಾಯ್ತು, ಯಾಕೆ ಅಂತ ಮುಂದೆ ಹೇಳ್ತೀನಿ.

ಶುರುವಲ್ಲಿ ಒಂದಷ್ಟು ಪಾಠ ಇದೆ, ಪೆನ್ನಿ ಅನ್ನೋ ಹುಡುಗಿ ಟೀಚರ್, ಸರಣಿಗೆ ಹೆಸರು ಕೊಟ್ಟ ವಾರಿಯೋ ಸ್ಟೂಡೆಂಟ್. ಪಾಠ ಉದ್ದ ಇದೆ, ಮಾತು ಜಾಸ್ತಿ, ವಾರಿಯೋ ಮಧ್ಯೆ ಮಧ್ಯೆ ಬೇಜಾರಾಗಿ ರೇಗ್ತಾನೆ, ನಂಗೂ ಅವನದೇ ಸ್ಥಿತಿ. ಆದ್ರೂ ಪೂರ್ತಿ ಕೂತು ಮಾಡಿ. ನಾನು ಅರ್ಧ ಕಿವಿ ಕೊಟ್ಟು ಕೇಳಿ ಆಮೇಲೆ ಮತ್ತೆ ಮೊದಲಿಂದ ಮಾಡಿದೀನಿ.

ಈಗ ಕಟ್ಟುಪಾಡು. ಆಟ ನಡೆಯೋ ಕಿಟಕಿ 192 ಅಡ್ಡ 128 ಉದ್ದ ಚುಕ್ಕಿ, ಅಷ್ಟೇ. ಒಂದು ಆಟದಲ್ಲಿ ಹೆಚ್ಚಂದ್ರೆ 15 ವಸ್ತು. ಒಂದು ವಸ್ತುವಿಗೆ 4 ರೂಪ, ಪ್ರತಿ ರೂಪಕ್ಕೂ 4 ಫ್ರೇಮ್ (ಅಲುಗಾಡೋ ಹಾಗೆ ಕಾಣಿಸೋಕೆ ಒಂದರ ಹಿಂದೊಂದು ಬರೋ ಚಿತ್ರ). ಪ್ರತಿ ವಸ್ತುವಿಗೂ ಎಐ ಅಂತ ಒಂದು ಪಟ್ಟಿ, ಅದರಲ್ಲಿ 5 ಆದೇಶ ಮಾತ್ರ, ಪ್ರತಿ ಆದೇಶಾನೂ 'ಹೀಗಾದ್ರೆ ಹಾಗೆ ಮಾಡು' ಅನ್ನೋ ತರ (ಈಗಿನವರು ಎಐ ಅನ್ನೋದಕ್ಕೂ ಇದಕ್ಕೂ ಸಂಬಂಧ ಇಲ್ಲ). ಆಡೋರು ಮಾಡಬಹುದಾದ್ದು ಒಂದೇ, ಟ್ಯಾಪ್. ಎಳೆಯೋ ಹಾಗಿಲ್ಲ, ಗೀಚೋ ಹಾಗಿಲ್ಲ, ಬಟನ್ ಇಲ್ಲ. ಇನ್ನು ನಂಗೆ ಕೈಕಟ್ಟಿ ಹಾಕಿದ ಹಾಗಾಗಿದ್ದು ಯಾವುದಂದ್ರೆ, ಅಂಕಿ ಅನ್ನೋದೇ ಇಲ್ಲ. ಸ್ಕೋರ್ ಇಲ್ಲ, ಎಣಿಕೆ ಇಲ್ಲ, ನೆನಪಿಟ್ಕೊಳ್ಳೋಕೆ ಅಂತ ಇರೋದು ಪ್ರತಿ ವಸ್ತುವಿಗೂ ಒಂದೇ ಒಂದು ಸ್ವಿಚ್, ಆನ್ ಅಥವಾ ಆಫ್. ಯಾವ ಸ್ವಿಚ್ ಆನ್ ಆದ್ರೆ ಗೆಲುವು ಅಂತ ನಾವು ಹೇಳಬೇಕು.

ಅಂಕಿ ಇಲ್ದೇ ಎಣಿಸೋದು ಹೇಗಪ್ಪಾ ಅಂತ ಎರಡು ದಿನ ಒದ್ದಾಡಿದೆ. ಕೊನೆಗೆ ಉತ್ತರ ಸಿಕ್ಕಿದ್ದು ಆ ಮಗುವಿನ ಆಟದಲ್ಲಿ. ಬಾಗಿಲು ಬಡಿಯೋ ಆಟ ಅದು: ಒಂದು ಬಾಗಿಲು, ಮುಟ್ಟಿದ್ರೆ ಬಿರುಕು, ಇನ್ನೊಮ್ಮೆ ಮುಟ್ಟಿದ್ರೆ ದೊಡ್ಡ ಬಿರುಕು, ಮೂರನೇ ಸಲಕ್ಕೆ ಮುರಿದು ಒಳಗೊಬ್ಬ ಹಲ್ಲು ಕಿರಿದು ನಿಂತಿರ್ತಾನೆ. ಎಐ ತೆಗೆದು ನೋಡಿದೆ. 'ಟ್ಯಾಪ್ ಆಗಿದೆ, ಒಂದನೇ ಚಿತ್ರ ಕಾಣ್ತಿದೆ, ಹಾಗಿದ್ರೆ ಎರಡನೇ ಚಿತ್ರ ಹಾಕು', 'ಟ್ಯಾಪ್ ಆಗಿದೆ, ಎರಡನೇ ಚಿತ್ರ ಕಾಣ್ತಿದೆ, ಮೂರನೇದು ಹಾಕು'... ಅಂದ್ರೆ ಚಿತ್ರವೇ ಎಣಿಕೆ! ಬಾಗಿಲು ಎಷ್ಟು ಒಡೆದಿದೆ ಅನ್ನೋದೇ ಎಷ್ಟು ಸಲ ಬಡಿದಿದೀರಿ ಅನ್ನೋದರ ಲೆಕ್ಕ. ನಾನು ಕೆಲಸದಲ್ಲಿ ಕೋಡ್ ಬರೆಯೋನು, ನಂಗೆ ಹೊಳೀದೇ ಇದ್ದಿದ್ದು ಕಡ್ಡಿ ಮನುಷ್ಯ ಬರೆಯೋ ಮಗುವಿಗೆ ಹೊಳೆದಿತ್ತು, ನಾಚಿಕೆ ಆಯ್ತು ಸ್ವಲ್ಪ.

ಸರಿ, ನನ್ನ ಆಟ. ಮೇಜಿನ ಮೇಲೆ ಗಾಜಿನ ಲೋಟ, ಪಕ್ಕದಲ್ಲಿ ಬೆಕ್ಕು. ಬೆಕ್ಕು ಯಾವುದೋ ಒಂದು ಕ್ಷಣದಲ್ಲಿ ಪಂಜ ಚಾಚುತ್ತೆ, ಆಗ ಲೋಟ ಮುಟ್ಟಿ ಹಿಡ್ಕೋಬೇಕು, ಹಿಡೀದಿದ್ರೆ ಕೆಳಗೆ ಬಿದ್ದು ಚೂರು. ಹೇಳೋಕೆ ಎರಡು ಸಾಲು.

ಮೊದಲನೇ ರಾತ್ರಿ ಎಲ್ಲಾ ಚಿತ್ರ ಬರೆದೆ. ಮೇಜು, ಗೋಡೆ, ನೆಲ ಎಲ್ಲಾ ಹಿನ್ನೆಲೆಯಲ್ಲಿ. ಲೋಟ ನೆಲ ಮುಟ್ಟಿದ್ರೆ ಸೋಲು ಅಂತ ಹಾಕೋಣ ಅಂತ ಹೋದ್ರೆ ಪಟ್ಟಿಯಲ್ಲಿ ನೆಲ ಅನ್ನೋದೇ ಇಲ್ಲ. ಇಲ್ಲದೇ ಏನು, ಹಿನ್ನೆಲೆ ಬರೀ ಪರದೆ ಅಷ್ಟೇ, ಅದನ್ನ ಯಾವುದೂ ಮುಟ್ಟೋಕಾಗಲ್ಲ. ಲೋಟ ನೆಲದೊಳಗೆ ತೂರ್ಕೊಂಡು ಸೀದಾ ಸ್ಕ್ರೀನಿಂದ ಆಚೆ ಹೋಯ್ತು. ನೆಲದ ಒಂದು ಪಟ್ಟಿಯನ್ನ ಕತ್ತರಿಸಿ ವಸ್ತುವಾಗಿ ಮತ್ತೆ ಬರೆದೆ. ಹಾಗಾಗಿ ಈಗ ಚಿತ್ರ ಬರೆಯೋ ಮುಂಚೆನೇ ಕೇಳ್ಕೋತೀನಿ, ಇದನ್ನ ಯಾರಾದ್ರೂ ಮುಟ್ಟಬೇಕಾ? ಮುಟ್ಟಬೇಕು ಅಂದ್ರೆ ವಸ್ತು, ಇಲ್ಲಾಂದ್ರೆ ಹಿನ್ನೆಲೆ.

ಆಮೇಲೆ ತಡ ಮಾಡೋ ಸಮಸ್ಯೆ. ಬೆಕ್ಕು ಪಂಜ ಎತ್ತಿದ ತಕ್ಷಣ ಲೋಟ ಬಿದ್ರೆ ಆಡೋರಿಗೆ ಅವಕಾಶವೇ ಇಲ್ಲ, ಒಂದು ಚೂರು ಗ್ಯಾಪ್ ಬೇಕು. ಟೈಮ್ ಅನ್ನೋ ಷರತ್ತು ಇದೆ ನಿಜ, ಆದ್ರೆ ಅದು ಆಟ ಶುರುವಾದಾಗಿಂದ ಎಣಿಸೋ ಟೈಮ್, 'ಇದಾದ ಅರ್ಧ ಸೆಕೆಂಡಿಗೆ' ಅನ್ನೋಕಾಗಲ್ಲ. ಬೆಕ್ಕು ಪಂಜ ಎತ್ತೋ ಹೊತ್ತನ್ನೋ ನಾನು ಇಂತಿಷ್ಟರಿಂದ ಇಂತಿಷ್ಟರೊಳಗೆ ಯಾವಾಗ ಬೇಕಾದ್ರೂ ಅಂತ ರಾಂಡಮ್ ಇಟ್ಟಿದ್ದೆ, ಹಾಗಾಗಿ ಆಮೇಲಿನ ಹೊತ್ತು ಮೊದಲೇ ಗೊತ್ತಿರೋ ಮಾತೇ ಇಲ್ಲ. ಮೂರು ರಾತ್ರಿ ಇದರಲ್ಲೇ ಹೋಯ್ತು. ಕೊನೆಗೆ ಮಾಡಿದ್ದೇನಂದ್ರೆ ಪಂಜವನ್ನ ಬೆಕ್ಕಿನಿಂದ ಬೇರೆ ಮಾಡಿ ಅದನ್ನೇ ಒಂದು ವಸ್ತು ಮಾಡಿಬಿಟ್ಟೆ. ಆ ರಾಂಡಮ್ ಹೊತ್ತಿಗೆ ಬೆಕ್ಕಿನ ಸ್ವಿಚ್ ಆನ್ ಆದ್ರೆ ಪಂಜ ಲೋಟದ ಕಡೆ ಹೊರಡುತ್ತೆ, ಪಂಜ ಲೋಟಕ್ಕೆ ತಾಗಿದ್ರೆ ಲೋಟ ಕೆಳಗೆ ಹೊರಡುತ್ತೆ, ಲೋಟ ನೆಲಕ್ಕೆ ತಾಗಿದ್ರೆ ಸೋಲು. ಪಂಜ ನಡೆಯೋ ದಾರಿಯೇ ಆ ಗ್ಯಾಪ್. ವೇಗ ಅನ್ನೋದು ಇಲ್ಲಿ ನಂಬರ್ ಹಾಕೋದಲ್ಲ, ನಿಧಾನದಿಂದ ಜೋರಿನ ತನಕ ಇರೋ ಕೆಲವು ಮೆಟ್ಟಿಲಲ್ಲಿ ಒಂದು ಆರಿಸೋದು, ಆ ಮೆಟ್ಟಿಲು ಹತ್ತಿ ಇಳಿದು ಆಟದ ಕಷ್ಟ ಸರಿ ಮಾಡ್ದೆ. ಮೆಟ್ಟಿಲು ಸಾಲದಾದಾಗ ಬೆಕ್ಕನ್ನ ಎರಡು ಚುಕ್ಕಿ ಆಚೆ ಸರಿಸಿದೆ. ಇದು ನಂಗೆ ಭಾರಿ ಇಷ್ಟ ಆಯ್ತು, ಟೈಮ್ ಬೇಕು ಅಂದ್ರೆ ದೂರ ಕೊಡು.

ನಾನೇ ಆಡಿ ನೋಡಿದಾಗ ಎಲ್ಲಾ ಸರಿ ಇತ್ತು. ನಾನು ಆಡಿದ್ರೆ ಸರಿ ಇಲ್ದೇ ಇರುತ್ತಾ, ಯಾವಾಗ ಏನು ಮಾಡಬೇಕು ಅಂತ ಮಾಡಿದೋನಿಗೆ ಗೊತ್ತಿರಲ್ವಾ. ಅಕ್ಕನ ಮಗಳಿಗೆ ಕೊಟ್ಟೆ, ಒಂಬತ್ತು ವರ್ಷ ಅವಳಿಗೆ. ಏನೂ ಹೇಳಲಿಲ್ಲ. ಅವಳು ಆಟ ಶುರುವಾದ ಕೂಡ್ಲೇ ಸ್ಟೈಲಸ್ (ಸ್ಕ್ರೀನ್ ಮುಟ್ಟೋ ಕಡ್ಡಿ) ತಗೊಂಡು ಲೋಟದ ಮೇಲೆ ಟಕಟಕಟಕ ಅಂತ ಕುಟ್ಟೋಕೆ ಶುರು ಮಾಡಿದ್ಲು, ಬೆಕ್ಕಿನ ಮುಖಾನೂ ನೋಡಲಿಲ್ಲ, ಗೆದ್ದಳು. ಮತ್ತೆ ಕುಟ್ಟಿದ್ಲು, ಮತ್ತೆ ಗೆದ್ದಳು. "ಮಾಮಾ, ಇದು ತುಂಬಾ ಈಸಿ."

ಆ ಒಂದು ಮಾತಿಗೆ ಎರಡು ದಿನ. ಬೆಕ್ಕಿನ ಸ್ವಿಚ್ ಆಫ್ ಇರುವಾಗ ಲೋಟ ಮುಟ್ಟಿದ್ರೆ ಸೋಲು ಅಂತ ಒಂದು ಆದೇಶ ಸೇರಿಸಿದೆ, ಸೇರಿಸಿ ಅದಕ್ಕೊಂದು ಚಿತ್ರ ಬರೆದೆ, ಬೆಕ್ಕು 'ಏನಪ್ಪಾ ನನ್ನ ಮೇಲೇ ಅನುಮಾನಾನಾ' ಅನ್ನೋ ತರ ನೋಡೋದು. ಸೋತ್ರೂ ನಗು ಬರಬೇಕು ಈ ಸರಣಿಯಲ್ಲಿ, ಸೋಲಿನ ಚಿತ್ರಕ್ಕೆ ಗೆಲುವಿನ ಚಿತ್ರಕ್ಕಿಂತ ಜಾಸ್ತಿ ಹೊತ್ತು ಕೊಡಬೇಕು ಅನ್ನೋದು ನನ್ನ ಅಭಿಪ್ರಾಯ, ಯಾಕಂದ್ರೆ ಜಾಸ್ತಿ ಸಲ ಕಾಣೋದು ಅದೇ.

ಮತ್ತೆ ಕೊಟ್ಟೆ. ಈ ಸಲ ಕಾದು ಸರಿಯಾಗಿ ಹಿಡಿದ್ಲು, ಲೋಟದ ಸುತ್ತ ಕೈ ಬಂತು, ಗೆಲುವು, ಎಲ್ಲಾ ಚೆನ್ನಾಗಿದೆ ಅನ್ನೋಷ್ಟರಲ್ಲಿ ಪಂಜ ನಿಧಾನಕ್ಕೆ ಬಂದು ಕೈಗೂ ಲೋಟಕ್ಕೂ ಸೇರಿಸಿ ಒಂದು ಏಟು ಕೊಡ್ತು, ಕೈ ಸಮೇತ ಲೋಟ ಮೇಜಿಂದ ಕೆಳಗೆ. ಅವಳು ಬಿದ್ದು ಬಿದ್ದು ನಕ್ಕಳು. ಗೆದ್ದ ಮೇಲೂ ಆಟ ಟೈಮ್ ಮುಗಿಯೋ ತನಕ ನಡೀತಾನೇ ಇರುತ್ತೆ ಅನ್ನೋದನ್ನ ನಾನು ಮರೆತಿದ್ದೆ. 'ಪಂಜ ತಾಗಿದ್ರೆ ಬೀಳು' ಅನ್ನೋ ಆದೇಶಕ್ಕೆ 'ಲೋಟದ ಸ್ವಿಚ್ ಇನ್ನೂ ಆಫ್ ಇದ್ರೆ' ಅಂತ ಇನ್ನೊಂದು ಷರತ್ತು ಸೇರಿಸಿದ ಮೇಲೆ ಸರಿಹೋಯ್ತು. ಸರಿ ಮಾಡಿದ್ದಕ್ಕೆ ಅವಳಿಗೆ ಕೋಪ. ಮೊದಲಿನದೇ ಚೆನ್ನಾಗಿತ್ತಂತೆ. ಇರಬಹುದು, ಆ ಹಳೇದನ್ನ ಕಾಪಿ ಮಾಡಿ ಇಟ್ಕೋಬೇಕಿತ್ತು ಅಂತ ಈಗಲೂ ಅನ್ಸುತ್ತೆ.

ಇನ್ನೊಂದು ಸಣ್ಣ ತಪ್ಪು, ರಾಂಡಮ್ ಟೈಮನ್ನ ಆಟದ ಕೊನೆ ತನಕ ಬಿಟ್ಟಿದ್ದೆ. ಹತ್ತು ಸಲದಲ್ಲಿ ಒಂದು ಸಲ ಬೆಕ್ಕು ಕೊನೇ ಗಳಿಗೆಯಲ್ಲಿ ಪಂಜ ಎತ್ತೋದು, ಮುಟ್ಟೋದ್ರೊಳಗೆ ಟೈಮ್ ಮುಗಿಯೋದು, ಲೋಟದ ಸ್ವಿಚ್ ಆಫ್ ಇರೋದ್ರಿಂದ ಸೋಲು. ತಪ್ಪು ಮಾಡದೇ ಇರೋರಿಗೆ ಶಿಕ್ಷೆ. ಟೈಮನ್ನ ಮೊದಲರ್ಧಕ್ಕೆ ಕಟ್ಟಿದೆ. ಸಾಲಾಗಿ ಆಡ್ತಾ ಹೋದಾಗ ವೇಗ ಏರುತ್ತೆ ಅನ್ನೋದನ್ನೂ ನೆನಪಿಡಿ, ಮಾಮೂಲಿ ವೇಗದಲ್ಲೇ ಕಷ್ಟ ಇದ್ರೆ ಆಮೇಲೆ ಮನುಷ್ಯರ ಕೈಲಿ ಆಗಲ್ಲ.

ಅಕ್ಷರದ ಕಥೆ ಹೇಳಲೇಬೇಕು. ಆಟದ ಶುರುವಲ್ಲಿ ಬರೋ ಆ ಒಂದು ಮಾತನ್ನ ನಾವೇ ಟೈಪ್ ಮಾಡಬಹುದು, ಆದ್ರೆ ಕನ್ನಡ ಕೀಬೋರ್ಡ್ ಇಲ್ಲ, ಇರುತ್ತೆ ಅಂತ ಅಂದ್ಕೊಂಡಿದ್ದೂ ಇಲ್ಲ. ಅಕ್ಕನ ಮಗಳಿಗೆ ಕನ್ನಡದಲ್ಲೇ ಬೇಕಂತೆ. ಹಿನ್ನೆಲೆಯ ಗೋಡೆ ಮೇಲೆ ಚುಕ್ಕಿ ಚುಕ್ಕಿ ಇಟ್ಟು ಬರೆಯೋಕೆ ಕೂತೆ. ಮೊದಲು 'ತಪ್ಪಿಸು' ಅಂತ ಬರೆದೆ, ಪ ಒತ್ತು ಹೋಗಿ ಬೆಕ್ಕಿನ ಕಿವಿಗೆ ಅಂಟ್ಕೊಂಡಿತು, ಅದು ಒತ್ತಕ್ಷರಾನೋ ಇಲಿಯೋ ಗೊತ್ತಾಗಲಿಲ್ಲ. ಒತ್ತಿಲ್ಲದ ಪದ ಹುಡುಕಿ ಹುಡುಕಿ ಕೊನೆಗೆ 'ಹಿಡಿ' ಅಂತ ಇಟ್ಟೆ. ಎರಡೇ ಅಕ್ಷರ, ಮೇಲೆರಡು ಗುಡಿಸು, ಕೆಳಗೆ ಏನೂ ಇಲ್ಲ. ಅಷ್ಟು ಚಿಕ್ಕ ಜಾಗದಲ್ಲಿ ಡ ಅಕ್ಷರದ ಹೊಟ್ಟೆ ಮುಚ್ಚಿಹೋಗದ ಹಾಗೆ ನೋಡ್ಕೊಳ್ಳೋದೇ ಒಂದು ರಾತ್ರಿ ಕೆಲಸ.

ಹಾಡಿಗೆ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಯಾವ ತರದ್ದು ಬೇಕು ಅಂತ ಹೇಳಿದ್ರೆ ಅದೇ ಒಂದು ಟ್ಯೂನ್ ಹೊಸೆದು ಕೊಡುತ್ತೆ, ಕೊಟ್ಟಿದ್ದರಲ್ಲಿ ಡ್ರಮ್ ಮಾತ್ರ ತೆಗೆದು ಹಾಕಿದೆ. ಬೆಕ್ಕು ಹೊಂಚು ಹಾಕುವಾಗ ಡ್ರಮ್ ಯಾಕೆ.

ಹಂಚಿಕೊಳ್ಳೋ ವಿಷಯ ಬೇಜಾರಿಂದು. ಮೊದಲು ಇಂಟರ್ನೆಟ್ ಮೂಲಕ ಕಳಿಸಬಹುದಿತ್ತು, ನಿಂಟೆಂಡೋದ ಆ ವೈಫೈ ಸೇವೆ 2014ರ ಮೇ 20ಕ್ಕೆ ನಿಂತುಹೋಯ್ತು. ಈಗ ಎರಡು ಡಿಎಸ್ ಅಕ್ಕಪಕ್ಕ ಇಟ್ಕೊಂಡು ಕಳಿಸಬೇಕು, ಇಲ್ಲಾ ಡಿಎಸ್ಸನ್ನೇ ಕೈಗೆ ಕೊಡಬೇಕು. 2021ರಲ್ಲಿ ನಿಂಟೆಂಡೋ ಸ್ವಿಚ್ ಅನ್ನೋ ಗೇಮ್ ಯಂತ್ರಕ್ಕೆ ಗೇಮ್ ಬಿಲ್ಡರ್ ಗರಾಜ್ ಅಂತ ಆಟ ಮಾಡೋ ಇನ್ನೊಂದು ಗೇಮ್ ಬಂತಲ್ಲ, ಅದರಲ್ಲಿ ಅಂಕಿ ಇದೆ, ಎಣಿಕೆ ಇದೆ, ನಾನು ಬೇಕು ಬೇಕು ಅಂತ ಗೋಳಾಡಿದ್ದೆಲ್ಲಾ ಇದೆ. ಅದರಲ್ಲಿ ನಾನು ಮುಗಿಸಿದ ಆಟ ಸೊನ್ನೆ. ಶುರು ಮಾಡಿದ್ದು ಆರು. ಡಿಐವೈಯಲ್ಲಿ ಐದು ಆದೇಶ ತುಂಬಿದ್ರೆ ಮುಗೀತು, ಇನ್ನೇನೂ ಸೇರಿಸೋಕಾಗಲ್ಲ, ಎದ್ದು ಮಲಗಬಹುದು.

ಅಂದ ಹಾಗೆ ಆ ಮಗುವಿನ ಆಟಗಳಲ್ಲಿ ಒಂದರಲ್ಲಿ ತಪ್ಪಿದೆ. ಕಡ್ಡಿ ಮನುಷ್ಯನ ತಲೆ ಮೇಲೆ ಕಲ್ಲು ಬೀಳುತ್ತೆ, ಮುಟ್ಟಿ ತಪ್ಪಿಸಬೇಕು, ಆದ್ರೆ ಕಲ್ಲು ತಲೆಗೆ ತಾಗಿದ್ರೆ ಸೋಲು ಅನ್ನೋ ಆದೇಶಾನೇ ಇಲ್ಲ. ಗೆಲುವಿನ ಸ್ವಿಚ್ ಶುರುವಿಂದಲೇ ಆನ್ ಇದೆ. ಕಲ್ಲು ಬಿದ್ರೂ ಅವನು ಹಲ್ಲು ಕಿರಿತಾ ನಿಂತಿರ್ತಾನೆ, ಗೆದ್ದಿರಿ ಅಂತ ಬರುತ್ತೆ. ಒಂದು ಆದೇಶ ಸೇರಿಸಿದ್ರೆ ಸರಿಹೋಗುತ್ತೆ, ಎರಡು ನಿಮಿಷದ ಕೆಲಸ. ಒಂದೆರಡು ಸಲ ತೆಗೆದೂ ನೋಡ್ದೆ, ಮುಟ್ಟದೇ ಮುಚ್ಚಿಟ್ಟೆ. ಅಕ್ಕನ ಮಗಳು ಬಂದಾಗಲೆಲ್ಲಾ ಮೊದಲು ಆಡೋದು ಅದನ್ನೇ.