ಆಟೋಮ್ಯಾಟಿಕ್ ಕಾರಿನ ಗೇರ್ ಸ್ಲಿಪ್ ಆದರೆ ಮೊದಲು ಆಯಿಲ್ ನೋಡಿ

ಗೆಳೆಯರೇ, ಹೋದ ತಿಂಗಳು ಮುಳ್ಳಯ್ಯನಗಿರಿ ಹತ್ತುವಾಗ ನನ್ನ ಹಳೇ ಆಟೋಮ್ಯಾಟಿಕ್ ಕಾರಿನ ಆರ್‌ಪಿಎಂ ಮುಳ್ಳು ಮೇಲಕ್ಕೆ ಓಡುತ್ತಿತ್ತು, ಎಂಜಿನ್ ಕೂಗುತ್ತಿತ್ತು, ಗಾಡಿ ಮಾತ್ರ ಮುಂದೆ ಹೋಗುತ್ತಿರಲಿಲ್ಲ. ಗೇರ್ ಸ್ಲಿಪ್ ಅಂದ್ರೆ ಇದೇ. ಚಿಕ್ಕಮಗಳೂರಿನ ಒಂದು ಗ್ಯಾರೇಜಿನಲ್ಲಿ ಬಾನೆಟ್ ಕೂಡ ಎತ್ತದೆ ಗೇರ್‌ಬಾಕ್ಸ್ ಇಳಿಸಬೇಕು ಅಂದರು. ನಾನು ಒಪ್ಪಲಿಲ್ಲ. ಇನ್ನೊಬ್ಬ ಮೆಕ್ಯಾನಿಕ್ ಗೇರ್‌ಬಾಕ್ಸ್ ಆಯಿಲಿನ ಮಟ್ಟ ನೋಡುವ ಕಡ್ಡಿ, ಅಂದ್ರೆ ಡಿಪ್‌ಸ್ಟಿಕ್, ಎಳೆದು ಬಿಳಿ ಬಟ್ಟೆಗೆ ಒರೆಸಿ ತೋರಿಸಿದರು. ಕೆಂಪಗಿರಬೇಕಾದ ಆಯಿಲ್ ಕಾಫಿ ಡಿಕಾಕ್ಷನ್ ಥರ ಕಪ್ಪಗಿತ್ತು, ಸುಟ್ಟ ವಾಸನೆ ಬೇರೆ. ಸೀಲ್ ಸೋರಿ ಮಟ್ಟವೂ ಇಳಿದಿತ್ತು. ಸೀಲ್, ಫಿಲ್ಟರ್, ಆಯಿಲ್ ಬದಲಿಸಿದ ಮೇಲೆ ಸರಿಹೋಯಿತು.

ಸಮತಟ್ಟು ಜಾಗದಲ್ಲಿ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಬ್ರೇಕ್ ಒತ್ತಿಕೊಂಡೇ ಗೇರ್ ಲಿವರನ್ನು ಪಿ (ಪಾರ್ಕ್), ಆರ್ (ರಿವರ್ಸ್), ಎನ್ (ನ್ಯೂಟ್ರಲ್), ಡಿ (ಡ್ರೈವ್) ಎಲ್ಲಕ್ಕೂ ಒಂದೊಂದು ಸಲ ಹಾಕಿ ವಾಪಸ್ ಪಿಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಸಾಮಾನ್ಯವಾಗಿ ಎಂಜಿನ್ ಓಡುತ್ತಿರುವಾಗಲೇ ಗೇರ್‌ಬಾಕ್ಸ್ ಆಯಿಲಿನ ಮಟ್ಟ ನೋಡಬೇಕು. ಕೆಲವು ಕಾರುಗಳಲ್ಲಿ ಆಫ್ ಮಾಡಿ ನೋಡಬೇಕು, ಮ್ಯಾನುಯಲ್ ಓದಿ. ಹೊಸ ಕಾರುಗಳಲ್ಲಿ ಬಹಳಷ್ಟಕ್ಕೆ ಡಿಪ್‌ಸ್ಟಿಕ್ಕೇ ಇರುವುದಿಲ್ಲ, ಲಿಫ್ಟ್ ಮೇಲೆ ಎತ್ತಿಯೇ ನೋಡಿಸಬೇಕು.

ಸಿವಿಟಿಗೆ (ಹಲ್ಲಿನ ಗೇರುಗಳ ಬದಲು ಬೆಲ್ಟ್ ಮೇಲೆ ಓಡುವ ಆಟೋಮ್ಯಾಟಿಕ್) ಅದರದ್ದೇ ಆಯಿಲ್, ಸಿಕ್ಕಿದ್ದನ್ನು ಸುಮ್ನೆ ಸುರಿಯಬೇಡಿ. ಎಎಂಟಿ ಬೇರೆ, ಅದರೊಳಗೆ ಇರುವುದು ಕೈಯಲ್ಲಿ ಗೇರ್ ಹಾಕುವ ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ ಒತ್ತಿ ಗೇರ್ ಬದಲಿಸುವ ಕೆಲಸವನ್ನು ಮಾತ್ರ ಯಂತ್ರ ಮಾಡುತ್ತದೆ, ಕ್ಲಚ್ ಸವೆದಿದೆಯಾ ನೋಡಿಸಿ. ಆಯಿಲ್ ಸರಿಯಿದ್ದೂ ಗೇರ್ ದಡಕ್ಕಂತ ಬಿದ್ದರೆ ಕಾರಿನ ಕಂಪ್ಯೂಟರಿನಿಂದ ದೋಷ ಓದುವ ಸ್ಕ್ಯಾನರ್ ಹಾಕಿಸಿ, ಎಷ್ಟೋ ಸಲ ಒಂದು ಸೋಲೆನಾಯ್ಡ್ (ಆಯಿಲ್ ಹರಿವು ನಿಯಂತ್ರಿಸುವ ಕರೆಂಟ್ ವಾಲ್ವ್) ಅಥವಾ ಸೆನ್ಸಾರ್ ಕೆಟ್ಟಿರುತ್ತದೆ ಅಷ್ಟೇ.

ಚಾರ್ಮಾಡಿಯಲ್ಲೋ ಶಿರಾಡಿಯಲ್ಲೋ ಗಾಡಿ ಕೈಕೊಟ್ಟರೆ ದಯವಿಟ್ಟು ಹಗ್ಗ ಕಟ್ಟಿ ಎಳೆಸಬೇಡಿ. ಎಂಜಿನ್ ಆಫ್ ಇದ್ದರೆ ಗೇರ್‌ಬಾಕ್ಸಿನ ಆಯಿಲ್ ಪಂಪ್ ತಿರುಗುವುದಿಲ್ಲ, ಚಕ್ರ ಮಾತ್ರ ತಿರುಗಿ ಒಳಗೆ ಒಣಗಿಯೇ ಸವೆಯುತ್ತದೆ. ಖರ್ಚು ಜಾಸ್ತಿ ಆದರೂ ಪೂರ್ತಿ ಮೇಲೆ ಹತ್ತಿಸಿಕೊಂಡು ಹೋಗುವ ಗಾಡಿಯನ್ನೇ ಕರೆಸಿ.